ಬಣವೆ ಹೋಗಲಿ ಬಿಡಿ: ಟೆಕ್ಸಾಸ್‌ನ ವೆಸ್ಟ್ ಊರಿನ 22 ನಿಮಿಷ

ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ಮೂರಲ್ಲಿ ಪಕ್ಕದ ಮನೆಯವರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ರಾತ್ರಿ ಊಟದ ಹೊತ್ತು. ಇಡೀ ಕೇರಿ ಕೊಡ, ಬಕೆಟ್ಟು, ಕೈಗೆ ಸಿಕ್ಕಿದ ಪಾತ್ರೆ ಹಿಡಿದು ಓಡಿತು. ಎಲ್ಲರೂ ಕೂಗುತ್ತಿದ್ದರು, ಎಲ್ಲರೂ ನೀರು ಎರಚುತ್ತಿದ್ದರು, ಅರ್ಧ ನೀರು ಬೆಂಕಿಗೆ ತಲುಪುವ ಮೊದಲೇ ನೆಲಕ್ಕೆ ಚೆಲ್ಲುತ್ತಿತ್ತು. ಒಬ್ಬ ಅಜ್ಜ ಮಾತ್ರ ಕೊಡ ಹಿಡಿಯಲಿಲ್ಲ. ಜಗಲಿ ಮೇಲೆ ನಿಂತು ಗಾಳಿ ಯಾವ ಕಡೆಗೆ ಬೀಸ್ತಿದೆ ಅಂತ ನೋಡಿದರು. ಆಮೇಲೆ ಒಂದೇ ಸಲ ಗಟ್ಟಿಯಾಗಿ ಕೂಗಿದರು: "ಬಣವೆ ಹೋಯ್ತು, ಬಿಡ್ರೋ! ದನ ಬಿಚ್ಚಿ. ಕೊಟ್ಟಿಗೆ ಮಾಡಿಗೆ ನೀರು ಹಾಕಿ."

ಈ ಅಜ್ಜ ನನಗೆ ಮತ್ತೆ ನೆನಪಾಗಿದ್ದು ಎಷ್ಟೋ ವರ್ಷದ ಮೇಲೆ, ಟೆಕ್ಸಾಸ್‌ನಲ್ಲಿ. ಡಲ್ಲಾಸ್ ಕಡೆ ಇರುವ ಕನ್ನಡಿಗರಿಗೆ ವೆಸ್ಟ್ ಎಂಬ ಊರು ಗೊತ್ತಿರುತ್ತದೆ. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಐ-35 ಹೆದ್ದಾರಿಯಲ್ಲಿ ಹೋಗುವಾಗ ಸುಮಾರು 120 ಕಿಲೋಮೀಟರ್ ಆದಮೇಲೆ ಸಿಗುತ್ತದೆ. ಹೆಸರು ವೆಸ್ಟ್ ಆದರೂ ಟೆಕ್ಸಾಸ್‌ನ ಪಶ್ಚಿಮಕ್ಕೇನೂ ಇಲ್ಲ, ಹೆಚ್ಚುಕಮ್ಮಿ ನಡುಮಧ್ಯದಲ್ಲಿದೆ. ಚೆಕ್ ಮೂಲದ ಜನ ಬಂದು ನೆಲೆಸಿದ ಊರು. ಅವರ ಕೊಲಾಚಿ ಎನ್ನುವ ಮೆತ್ತನೆ ಬನ್ನು, ನಡುವೆ ಹಣ್ಣಿನ ಜಾಮು, ಅದನ್ನು ತಿನ್ನೋಕೆ ಅಂತಲೇ ಎಲ್ಲರೂ ಅಲ್ಲಿ ಕಾರು ನಿಲ್ಲಿಸುತ್ತಾರೆ. ನಾವೂ ನಿಲ್ಲಿಸ್ತೀವಿ. ಜನಸಂಖ್ಯೆ 2,800ರ ಆಸುಪಾಸು. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು.

ಈ ಊರಿನಲ್ಲಿ 2013ರ ಏಪ್ರಿಲ್ 17ರ ಸಂಜೆ ಒಂದು ಗೊಬ್ಬರದ ಗೋದಾಮಿಗೆ ಬೆಂಕಿ ಬಿತ್ತು. 7 ಗಂಟೆ 29 ನಿಮಿಷದ ಹೊತ್ತಿಗೆ ಮೊದಲ ಕರೆ. 7 ಗಂಟೆ 51 ನಿಮಿಷದ ಹೊತ್ತಿಗೆ ಗೋದಾಮು ಸ್ಫೋಟಿಸಿತು. 15 ಜನ ಸತ್ತರು. ಅವರಲ್ಲಿ 12 ಜನ ಬೆಂಕಿ ಆರಿಸೋಕೆ, ಸಹಾಯ ಮಾಡೋಕೆ ಅಂತ ಓಡಿಬಂದವರು.

ಸ್ವಯಂಸೇವಕ ಅಗ್ನಿಶಾಮಕ ಕಂಪನಿಗೆ ಒಳ್ಳೆಯ ನಾಯಕ ಅಂದರೆ ಯಾರು ಅಂತ ಯಾರಾದರೂ ಕೇಳಿದರೆ ನನಗೆ ಆ 22 ನಿಮಿಷವೇ ಕಣ್ಣಮುಂದೆ ಬರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸತ್ತವರ ಧೈರ್ಯದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಧೈರ್ಯ ಅಲ್ಲಿ ಬೇಕಾದಷ್ಟಿತ್ತು. ಇಲ್ಲದೇ ಹೋಗಿದ್ದು ಬೇರೆ.

ಇದೆಂಥ ಕಂಪನಿ?

ನಮ್ಮಲ್ಲಿ ಬೆಂಕಿ ಬಿದ್ದರೆ 112ಕ್ಕೋ 101ಕ್ಕೋ ಫೋನು, ಸರ್ಕಾರದ ಕೆಂಪು ಗಾಡಿ, ಸಂಬಳದ ಸಿಬ್ಬಂದಿ. ಅಮೆರಿಕದ ಸಣ್ಣ ಊರುಗಳಲ್ಲಿ ಹಾಗಲ್ಲ. ಇಡೀ ಅಮೆರಿಕದಲ್ಲೇ ಬೆಂಕಿ ಆರಿಸುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸಂಬಳ ಇಲ್ಲದವರು. ಹಗಲು ವೆಲ್ಡಿಂಗ್ ಮಾಡುವವನು, ಹೊಲ ನೋಡಿಕೊಳ್ಳುವವನು, ಶಾಲೆಯ ಬಸ್ಸು ಓಡಿಸುವವನು. ಸೊಂಟದಲ್ಲಿ ಪೇಜರ್. ಅದು ಕಿರುಚಿದ ಕೂಡಲೇ ತಟ್ಟೆ ಬಿಟ್ಟು ಎದ್ದು, ಸ್ವಂತ ಪಿಕಪ್ ಹತ್ತಿ ಹೊರಡಬೇಕು.

ಕಂಪನಿ ಎನ್ನುವ ಪದವೂ ಹಳೆಯದೇ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ್ದು ಯೂನಿಯನ್ ಫೈರ್ ಕಂಪನಿ. ಪ್ರತಿಯೊಬ್ಬ ಸದಸ್ಯನೂ ಚರ್ಮದ ಬಕೆಟ್ಟು ಮತ್ತು ಸಾಮಾನು ತುಂಬಿ ಹೊರಗೆ ತರೋಕೆ ಚೀಲ ಇಟ್ಟುಕೊಂಡಿರಬೇಕಿತ್ತು. ತಿಂಗಳಿಗೊಮ್ಮೆ ಸಭೆ. ಸಭೆಗೆ ಬರದಿದ್ದರೆ ದಂಡ. ಆ ದಂಡದ ದುಡ್ಡಲ್ಲಿ ಏಣಿ, ಕೊಕ್ಕೆ ಮುಂತಾದ ಸಾಮಾನು ಕೊಳ್ಳುತ್ತಿದ್ದರು. ಬೆಂಕಿಯೇ ಇಲ್ಲದ ದಿನ ಕೂತು ಮಾತಾಡದೆ ಇದ್ದರೆ ದಂಡ ಅಂತ ಅವರಿಗೆ ಆಗಲೇ ಹೊಳೆದಿತ್ತು ನೋಡಿ. ಆ ಸಭೆಯ ವಿಷಯಕ್ಕೆ ಆಮೇಲೆ ಬರ್ತೀನಿ.

ಇಂಥ ಎಷ್ಟೋ ಕಂಪನಿಗಳಲ್ಲಿ ಚೀಫ್, ಅಂದರೆ ದಳದ ಮುಖ್ಯಸ್ಥ, ಆಗುವವರನ್ನು ಸದಸ್ಯರೇ ಓಟು ಹಾಕಿ ಆರಿಸುತ್ತಾರೆ. ಅಂದರೆ ಬೆಂಕಿಯ ಎದುರು ನಿಮ್ಮ ಮಾತು ಕೇಳಬೇಕಾದವರೇ ನಿಮ್ಮನ್ನು ಆ ಜಾಗದಲ್ಲಿ ಕೂರಿಸಿದವರು. ನೀವು ಅವರ ಸಂಬಳ ಹಿಡಿಯುವಂತಿಲ್ಲ, ಮೆಮೋ ಕೊಟ್ಟು ಹೆದರಿಸುವಂತಿಲ್ಲ. ಬೇಜಾರಾದರೆ ಅವರು ನಾಳೆಯಿಂದ ಬರುವುದೇ ಇಲ್ಲ. ಅವರಲ್ಲಿ ಒಬ್ಬ ನಿಮ್ಮ ಭಾವ, ಇನ್ನೊಬ್ಬ ನಿಮ್ಮ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಸಂಬಳದ ದಳದ ಅಧಿಕಾರಿಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಆ ಸಂಜೆ

ಗೊಬ್ಬರದ ಕಂಪನಿ ಶುರುವಾದದ್ದು 1960ರ ದಶಕದ ಆರಂಭದಲ್ಲಿ, ಊರಿನ ಅಂಚಿನಲ್ಲಿ. ಆಮೇಲೆ ಊರೇ ಅದರ ಕಡೆಗೆ ಬೆಳೆಯಿತು. ಶಾಲೆ ಬಂತು, ವೃದ್ಧರ ನರ್ಸಿಂಗ್ ಹೋಮ್ ಬಂತು, ಅಪಾರ್ಟ್‌ಮೆಂಟ್ ಬಂತು. ಯಾರಿಗೂ ಅದು ಕಾರ್ಖಾನೆ ಅಂತ ಅನಿಸುತ್ತಿರಲಿಲ್ಲ. ರೈತರು ಹೋಗಿ ಗೊಬ್ಬರ ತರುವ ಜಾಗ, ಅಷ್ಟೇ. ನಮ್ಮೂರ ಸೊಸೈಟಿ ಗೋದಾಮಿನ ಬಗ್ಗೆ ನಮಗೆ ಭಯ ಇರುತ್ತದಾ? ಹಾಗೆ.

ಒಳಗೆ 40ರಿಂದ 60 ಟನ್ ಅಮೋನಿಯಂ ನೈಟ್ರೇಟ್ ಎನ್ನುವ ಗೊಬ್ಬರ ಇತ್ತು. ಕಟ್ಟಡ ಮರದ್ದು, ಗೊಬ್ಬರ ಸುರಿದಿಟ್ಟ ಗೂಡುಗಳೂ ಮರದವು. ಬೆಂಕಿ ಬಿದ್ದರೆ ತಾನೇ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಆ ಹೊತ್ತಿಗೆ ಕೆಲಸ ಮುಗಿದು ಗೋದಾಮು ಮುಚ್ಚಿತ್ತು. ಒಳಗೆ ಯಾರೂ ಇರಲಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣ ಇದರ ಮೇಲೆ ನಿಂತಿದೆ.

ಪೇಜರ್ ಕಿರುಚಿತು. ವೆಸ್ಟ್ ಸ್ವಯಂಸೇವಕ ದಳದವರು ಕೆಲವೇ ನಿಮಿಷಗಳಲ್ಲಿ ಬಂದರು. ವೇಗದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಗೋದಾಮಿನ ಪಕ್ಕದಲ್ಲಿ ಹೈಡ್ರೆಂಟ್, ಅಂದರೆ ಬೆಂಕಿ ಆರಿಸೋಕೆ ಅಂತ ರಸ್ತೆ ಬದಿಯಲ್ಲಿ ಹಾಕಿರುವ ನೀರಿನ ಕೊಳಾಯಿ, ಇರಲಿಲ್ಲ. ಗಾಡಿಯ ಟ್ಯಾಂಕಿನಲ್ಲಿದ್ದ ನೀರೇ ಗತಿ. ದೂರದ ಹೈಡ್ರೆಂಟ್‌ನಿಂದ ಹೋಸ್ ಪೈಪು ಎಳೆದುಕೊಂಡು ಬರಬೇಕಿತ್ತು. ಕೆಲವರು ಆ ಕೆಲಸಕ್ಕೆ ಇಳಿದರು. ಕೆಲವರು ನೀರು ಹಾಯಿಸಿದರು. ಇನ್ನು ಕೆಲವರು ಅಕ್ಕಪಕ್ಕದ ಮನೆಯವರನ್ನು ಎಬ್ಬಿಸಿ ಕಳಿಸೋಕೆ ನೋಡಿದರು.

ಅದೇ ಸಂಜೆ ಊರಿನಲ್ಲಿ ತುರ್ತು ವೈದ್ಯಕೀಯ ಸಹಾಯಕರ ತರಬೇತಿ ಕ್ಲಾಸು ನಡೆಯುತ್ತಿತ್ತು. ಕ್ಲಾಸಿನಲ್ಲಿದ್ದವರೂ ಓಡಿಬಂದರು. ಅವರಲ್ಲಿ ಬೇರೆ ಊರಿನ ಸ್ವಯಂಸೇವಕ ದಳದವರಿದ್ದರು. ವೆಸ್ಟ್‌ನಲ್ಲೇ ಮನೆ ಮಾಡಿದ್ದ ಡಲ್ಲಾಸ್ ದಳದ ಕ್ಯಾಪ್ಟನ್ ಒಬ್ಬರು, ಡ್ಯೂಟಿ ಇಲ್ಲದಿದ್ದರೂ ಬಂದರು. ಯಾವ ದಳಕ್ಕೂ ಸೇರದ ಊರಿನ ಇಬ್ಬರು ಸಹಾಯಕ್ಕೆ ಬಂದರು. ಊರಿನ ಮೇಯರ್ ಕೂಡ ವೆಸ್ಟ್ ದಳದ ಸ್ವಯಂಸೇವಕ, ಅವರು ದಾರಿಯಲ್ಲಿದ್ದರು.

ಅಲ್ಲಿದ್ದವರ ತಲೆಯಲ್ಲಿ ಭಯ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅವರು ಹೆಚ್ಚಾಗಿ ಹೆದರಿದ್ದು ಅನ್‌ಹೈಡ್ರಸ್ ಅಮೋನಿಯಾಕ್ಕೆ. ಅದು ಬೇರೆ ಗೊಬ್ಬರ, ದೊಡ್ಡ ಟ್ಯಾಂಕುಗಳಲ್ಲಿ ಇರುವಂಥದ್ದು, ಸೋರಿದರೆ ಉಸಿರು ಕಟ್ಟಿಸುವ ಗಾಳಿ. ಟ್ಯಾಂಕು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಅದಕ್ಕೇ ಎಲ್ಲರಿಗೂ ಅದೇ ನೆನಪು. ಕೊನೆಗೆ ಆ ಟ್ಯಾಂಕುಗಳಿಗೆ ಏನೂ ಆಗಲಿಲ್ಲ. ಸಿಡಿದದ್ದು ಮೂಲೆಯಲ್ಲಿ ಉಪ್ಪಿನ ರಾಶಿಯ ಹಾಗೆ ಸುಮ್ನೆ ಬಿದ್ದಿದ್ದ ಬಿಳಿ ಹರಳು.

ಸುಮಾರು 30 ಟನ್ ಒಂದೇ ಏಟಿಗೆ ಸ್ಫೋಟಿಸಿತು. ನೆಲದಲ್ಲಿ 93 ಅಡಿ ಅಗಲದ ಹೊಂಡ. ಭೂಕಂಪ ಅಳೆಯುವ ಯಂತ್ರಗಳಲ್ಲಿ 2.1 ಅಂತ ದಾಖಲಾಯಿತು. 150ಕ್ಕೂ ಹೆಚ್ಚು ಕಟ್ಟಡಗಳು ಹಾಳಾದವು, 260ಕ್ಕೂ ಹೆಚ್ಚು ಜನರಿಗೆ ಗಾಯ. ಶಾಲೆಯ ಕಟ್ಟಡಗಳೂ ಜಖಂ. ಸಂಜೆಯಾಗಿತ್ತು, ಮಕ್ಕಳಿರಲಿಲ್ಲ. ಬೆಳಗ್ಗೆ ಹನ್ನೊಂದು ಗಂಟೆಗೆ ಆಗಿದ್ದರೆ ಅಂತ ಯೋಚಿಸೋಕೂ ಹೋಗಬೇಡಿ.

ವೆಸ್ಟ್ ದಳವೊಂದೇ ಐದು ಜನರನ್ನು ಕಳೆದುಕೊಂಡಿತು. ಅವರಲ್ಲಿ ಇಬ್ಬರು ಒಡಹುಟ್ಟಿದ ಅಣ್ಣ ತಮ್ಮ. ಒಬ್ಬರು ಊರಿನ ಆಡಳಿತ ಕಚೇರಿಯ ಕಾರ್ಯದರ್ಶಿ. ಇನ್ನೊಬ್ಬರು ಅದೇ ಗೊಬ್ಬರದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಇದನ್ನು ಮೊದಲು ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಒಳಗೆ ಏನಿದೆ ಅಂತ ದಿನಾ ನೋಡುತ್ತಿದ್ದ ಮನುಷ್ಯನೇ ಅಷ್ಟು ಹತ್ತಿರ ಹೋಗಿದ್ದರು. ವರ್ಷಗಟ್ಟಲೆ ಸುಮ್ನೆ ಬಿದ್ದಿರುವ ವಸ್ತು ಒಂದು ದಿನ ಊರನ್ನೇ ಎತ್ತಿ ಒಗೆಯುತ್ತದೆ ಅಂತ ಯಾರಿಗೆ ತಾನೇ ಅನಿಸುತ್ತದೆ?

ಬೆಂಕಿ ಹೇಗೆ ಹತ್ತಿತು ಎನ್ನುವುದು ಬೇರೆಯೇ ಕಥೆ. ಯಾರೋ ಬೇಕಂತಲೇ ಹಚ್ಚಿದ್ದು ಅಂತ, ಬೆಂಕಿ ಮತ್ತು ಸ್ಫೋಟಗಳ ತನಿಖೆ ಮಾಡುವ ಅಮೆರಿಕದ ಎಟಿಎಫ್ ಸಂಸ್ಥೆ 2016ರಲ್ಲಿ ಹೇಳಿತು. ಆ ವಾದ ಇಲ್ಲಿಗೆ ಬೇಡ. ಯಾರು ಹಚ್ಚಿದರೂ ಪೇಜರ್ ಕಿರುಚಿದ ಮೇಲೆ ನಡೆದದ್ದು ಇದೇ.

ಎಲ್ಲರೂ ಕೆಲಸ ಮಾಡುತ್ತಿದ್ದರು

ರಾಸಾಯನಿಕ ಅವಘಡಗಳ ತನಿಖೆ ಮಾಡುವ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2016ರ ಜನವರಿಯಲ್ಲಿ ತನ್ನ ಅಂತಿಮ ವರದಿ ಕೊಟ್ಟಿತು. ಓಡಿಬಂದವರ ಸಾವಿಗೆ ಕಾರಣವಾದ ಅಂಶಗಳು ಅಂತ ಅದರಲ್ಲಿ ಕೆಲವನ್ನು ಎತ್ತಿ ಹೇಳಿದೆ. ಘಟನೆಯ ಜಾಗದಲ್ಲಿ ಒಬ್ಬರ ಕೈಕೆಳಗೆ ಎಲ್ಲವೂ ನಡೆಯುವ ವ್ಯವಸ್ಥೆ ಇರಲಿಲ್ಲ. ಆ ಗೋದಾಮಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿದ ಯೋಜನೆ ಇರಲಿಲ್ಲ. ರಾಸಾಯನಿಕಗಳ ಬಗ್ಗೆ ತರಬೇತಿ ಕಡಿಮೆ. ಅಮೋನಿಯಂ ನೈಟ್ರೇಟ್ ಏನು ಮಾಡಬಲ್ಲದು ಎನ್ನುವ ತಿಳಿವಳಿಕೆ ಕಡಿಮೆ.

ಇದರಲ್ಲಿ ಮೊದಲನೆಯದನ್ನು ಬಿಡಿಸಿ ನೋಡೋಣ. ನಾಯಕತ್ವ ಅಂದ ಕೂಡಲೇ ನಮಗೆ ಮುಂದೆ ನುಗ್ಗುವವನ ಚಿತ್ರ ಬರುತ್ತದೆ. ಹೋಸಿನ ತುದಿ ಹಿಡಿದವನು, ಹೊಗೆಯೊಳಗೆ ಮೊದಲು ಕಾಲಿಟ್ಟವನು. ಆದರೆ ಅಮೆರಿಕದ ಅಗ್ನಿಶಾಮಕ ದಳಗಳು 1970ರ ಕ್ಯಾಲಿಫೋರ್ನಿಯಾದ ದೊಡ್ಡ ಕಾಡ್ಗಿಚ್ಚುಗಳಿಂದ ಕಲಿತು ಕಟ್ಟಿಕೊಂಡ ಪದ್ಧತಿ ಹೇಳುವುದು ಇದರ ಉಲ್ಟಾ. ಮೊದಲು ಬಂದ ಅಧಿಕಾರಿ ರೇಡಿಯೋದಲ್ಲಿ "ಇಲ್ಲಿನ ಜವಾಬ್ದಾರಿ ನನ್ನದು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಎಲ್ಲಾ ಕಡೆ ಕಾಣುವ ಒಂದು ಜಾಗದಲ್ಲಿ ನಿಲ್ಲಬೇಕು. ಅಲ್ಲಿಂದ ಅಲುಗಾಡಬಾರದು. ಕೈಯಲ್ಲಿ ಹೋಸ್ ಇರಬಾರದು. ಬಂದ ಪ್ರತಿಯೊಬ್ಬನೂ ಅವರ ಹತ್ತಿರ ಬಂದು ಹೇಳಿ, ಹೆಸರಿನ ಚೀಟಿ ಕೊಟ್ಟು, ಅವರು ಹೇಳಿದ ಕಡೆಗೆ ಹೋಗಬೇಕು.

ಆ ಹೆಸರಿನ ಚೀಟಿ ನೋಡೋಕೆ ಏನೂ ಇಲ್ಲ. ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ತುಂಡು, ಮೇಲೆ ಹೆಸರು, ಸಿಕ್ಕಿಸೋಕೆ ಒಂದು ಕೊಕ್ಕೆ. ಒಳಗೆ ಹೋಗುವವನು ಅದನ್ನು ಬಿಚ್ಚಿ ಹೊರಗಿರುವ ಬಳೆಯಂಥ ರಿಂಗಿಗೆ ಸಿಕ್ಕಿಸುತ್ತಾನೆ, ಹೊರಗೆ ಬಂದವನು ತೆಗೆದುಕೊಳ್ಳುತ್ತಾನೆ. ಬಳೆಯಲ್ಲಿ ಎಷ್ಟು ಚೀಟಿಯೋ ಒಳಗೆ ಅಷ್ಟು ಜನ. ನಮ್ಮ ಕಡೆ ಚಪ್ಪಲಿ ಬಿಡುವ ಜಾಗದಲ್ಲಿ ಟೋಕನ್ ಕೊಡುತ್ತಾರಲ್ಲ, ಅದೇ ಲೆಕ್ಕ.

ಈಗ ವೆಸ್ಟ್‌ನ ಆ ಸಂಜೆಗೆ ವಾಪಸ್ ಬನ್ನಿ. ವೆಸ್ಟ್ ದಳದವರು, ಬೇರೆ ಊರಿನ ದಳದವರು, ಕ್ಲಾಸಿನಿಂದ ಎದ್ದು ಬಂದವರು, ಡಲ್ಲಾಸ್ ಕ್ಯಾಪ್ಟನ್, ಊರಿನ ಇಬ್ಬರು. ಒಬ್ಬೊಬ್ಬರೂ ತಮಗೆ ಸರಿ ಕಂಡ ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದರು. ಹೋಸ್ ಎಳೆಯುವುದು ಒಳ್ಳೆಯ ಕೆಲಸ. ನೀರು ಹಾಕುವುದು ಒಳ್ಳೆಯ ಕೆಲಸ. ಮನೆಮನೆ ಬಾಗಿಲು ತಟ್ಟುವುದಂತೂ ಎಲ್ಲಕ್ಕಿಂತ ಒಳ್ಳೆಯದು. ಆದರೆ ಇಡೀ ಚಿತ್ರ ಒಬ್ಬರ ತಲೆಯಲ್ಲೂ ಇರಲಿಲ್ಲ. ಒಳಗೆ ಯಾರೂ ಇಲ್ಲ, ನೀರು ಸಾಲುತ್ತಿಲ್ಲ, ಬೆಂಕಿ ಕೈಮೀರಿದೆ, ಒಳಗಿರುವುದು ಅಮೋನಿಯಂ ನೈಟ್ರೇಟ್. ಈ ನಾಲ್ಕು ತುಂಡುಗಳು ಬೇರೆಬೇರೆ ಜನರ ತಲೆಯಲ್ಲಿ ಇದ್ದಿರಬಹುದು. ನಾಲ್ಕನ್ನೂ ಸೇರಿಸಿ ನೋಡಿ "ಎಲ್ಲಾ ಬಿಟ್ಟು ಹಿಂದೆ ಬನ್ನಿ" ಅನ್ನೋಕೆ ಒಬ್ಬರು ಸುಮ್ಮನೆ ನಿಂತಿರಬೇಕಿತ್ತು.

ಆ ಸುಮ್ಮನೆ ನಿಲ್ಲುವುದು ಇದೆಯಲ್ಲ, ಅದು ಸ್ವಯಂಸೇವಕ ಕಂಪನಿಯಲ್ಲಿ ಎಷ್ಟು ಕಷ್ಟ ಅಂತ ಯೋಚಿಸಿ. ಬಂದಿರುವುದು ಎಂಟೋ ಹತ್ತೋ ಜನ. ಕೈ ಸಾಲುತ್ತಿಲ್ಲ. ಊರಿನವರೆಲ್ಲ ನೋಡುತ್ತಿದ್ದಾರೆ. ಹತ್ತು ವರ್ಷ ಹೋಸ್ ಹಿಡಿದು, ಅದರಲ್ಲಿ ಗಟ್ಟಿಗ ಅನಿಸಿಕೊಂಡು, ಅದೇ ಕಾರಣಕ್ಕೆ ಓಟು ಬಿದ್ದು ನೀವು ಚೀಫ್ ಆಗಿದ್ದೀರಿ. ಈಗ ಹೋಸ್ ಮುಟ್ಟಬೇಡ ಅಂದರೆ? ಜಗಲಿ ಮೇಲೆ ನಿಂತ ಅಜ್ಜನಿಗೆ ಆ ರಾತ್ರಿ ಯಾರೋ ಬೈದಿದ್ದು ನನಗೆ ಚೆನ್ನಾಗಿ ನೆನಪಿದೆ. "ಇವರಿಗೇನು, ನಿಂತ್ಕಂಡು ಆಡರ್ ಮಾಡ್ತಾರೆ."

ಕಾಗದ ಇತ್ತು

ಅಮೋನಿಯಂ ನೈಟ್ರೇಟ್ ವಿಚಿತ್ರ ವಸ್ತು. ತಾನಾಗಿ ಪೆಟ್ರೋಲಿನ ಹಾಗೆ ಹತ್ತಿ ಉರಿಯುವುದಿಲ್ಲ. ಆದರೆ ಪಕ್ಕದಲ್ಲಿ ಉರಿಯುವುದಕ್ಕೆ ಆಮ್ಲಜನಕ ಕೊಡುತ್ತಾ ಹೋಗುತ್ತದೆ. ಬಿಸಿ ಏರಿದರೆ ಕರಗುತ್ತದೆ. ಕರಗಿದ್ದಕ್ಕೆ ಮಸಿ, ಮರದ ಇದ್ದಿಲು, ಮತ್ತೊಂದು ಕಸ ಸೇರಿದರೆ, ಮೇಲಿಂದ ಒತ್ತಡವೂ ಬಿದ್ದರೆ, ಸಿಡಿಯುತ್ತದೆ. ಯಾವ ನಿಮಿಷಕ್ಕೆ ಅಂತ ಹೇಳೋಕೆ ಬರುವುದಿಲ್ಲ. ಕಲ್ಲುಕ್ವಾರಿಗಳಲ್ಲಿ ಬಂಡೆ ಒಡೆಯೋಕೆ ಬಳಸುವ ಸಿಡಿಮದ್ದಿಗೂ ಇದೇ ಮೂಲವಸ್ತು. ಅದಕ್ಕೇ ನಮ್ಮ ದೇಶದಲ್ಲಿ 2012ರಿಂದ ಇದಕ್ಕೇ ಅಂತ ಬೇರೆ ನಿಯಮಾವಳಿ ಇದೆ.

ಇದೆಲ್ಲ ಟೆಕ್ಸಾಸ್‌ಗೆ ಹೊಸದಾ ಅಂದರೆ ಖಂಡಿತ ಅಲ್ಲ. 1947ರ ಏಪ್ರಿಲ್ 16ರಂದು ಟೆಕ್ಸಾಸ್ ಸಿಟಿ ಬಂದರಿನಲ್ಲಿ ಗ್ರ್ಯಾಂಡ್‌ಕ್ಯಾಂಪ್ ಎಂಬ ಹಡಗಿನಲ್ಲಿದ್ದ ಅಮೋನಿಯಂ ನೈಟ್ರೇಟ್‌ಗೆ ಬೆಂಕಿ ಹತ್ತಿತು. ಆ ಊರಿನದೂ ಸ್ವಯಂಸೇವಕ ದಳವೇ. 28 ಜನರ ದಳದಲ್ಲಿ 27 ಜನ ದಕ್ಕೆಯ ಮೇಲೆ ನಿಂತು ನೀರು ಹಾಯಿಸುತ್ತಿದ್ದಾಗ ಹಡಗು ಸಿಡಿಯಿತು. ಚೀಫ್ ಸೇರಿ 27 ಜನವೂ ಹೋದರು. ಊರಲ್ಲಿ ಒಟ್ಟು ಸತ್ತವರು 580ಕ್ಕೂ ಹೆಚ್ಚು. ಅದಾಗಿ 66 ವರ್ಷ, ಒಂದು ದಿನಕ್ಕೆ ವೆಸ್ಟ್. ಅದೇ ರಾಜ್ಯ, ಅದೇ ವಸ್ತು, ಅದೇ ರೀತಿಯ ದಳ.

ಇನ್ನೊಂದು ಸಂಗತಿ ನಮಗೂ ತಾಗುವಂಥದ್ದು. 1984ರ ಭೋಪಾಲ್ ಆದಮೇಲೆ ಅಮೆರಿಕಕ್ಕೂ ಬಿಸಿ ಮುಟ್ಟಿ 1986ರಲ್ಲಿ ಒಂದು ಕಾಯ್ದೆ ಬಂತು. ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರು ಏನು, ಎಷ್ಟು ಅಂತ ಪ್ರತಿ ವರ್ಷ ಬರೆದುಕೊಡಬೇಕು. ವೆಸ್ಟ್‌ನ ಗೊಬ್ಬರದ ಕಂಪನಿಯೂ ಬರೆದುಕೊಟ್ಟಿತ್ತು. 270 ಟನ್‌ವರೆಗೆ ಅಮೋನಿಯಂ ನೈಟ್ರೇಟ್ ಇರಬಹುದು ಅಂತ ಅದರಲ್ಲಿತ್ತು. ಅಂದರೆ ಕಾಗದ ಇತ್ತು. ಭೋಪಾಲಿನಲ್ಲಿ ಸತ್ತವರ ಲೆಕ್ಕದಲ್ಲಿ ಹುಟ್ಟಿದ ಕಾಗದ ಅದು. ಆ ಸಂಜೆ ಓಡಿಬಂದವರ ಕೈಯಲ್ಲಿ ಮಾತ್ರ ಆ ಕಾಗದದ ಮೇಲೆ ಕಟ್ಟಿದ ಯಾವ ಯೋಜನೆಯೂ ಇರಲಿಲ್ಲ.

ಸಭೆಗೆ ಬರ್ತೀನಿ ಅಂದಿದ್ದೆನಲ್ಲ. ಸ್ವಯಂಸೇವಕ ಚೀಫ್‌ನ ಅಸಲಿ ಕೆಲಸ ನಡೆಯುವುದು ಅಲ್ಲಿ, ಬೆಂಕಿ ಇಲ್ಲದ ಒಂದು ವಾರದ ದಿನ, ಎಲ್ಲರೂ ದುಡಿದು ಸುಸ್ತಾಗಿ ಬಂದು ಕಾಫಿ ಕುಡಿಯುತ್ತಾ ಕೂತಿರುವ ಹೊತ್ತಲ್ಲಿ. "ಮುಂದಿನ ವಾರ ಎಲ್ಲರೂ ಗೊಬ್ಬರದ ಗೋದಾಮಿಗೆ ಹೋಗಿ ನೋಡ್ಕೊಂಡು ಬರೋಣ" ಅನ್ನಬೇಕು. ಹೋಗಿ, ಯಾವ ಗೂಡಲ್ಲಿ ಏನಿದೆ, ಹೈಡ್ರೆಂಟ್ ಎಷ್ಟು ದೂರ, ಗಾಳಿ ಸಾಮಾನ್ಯವಾಗಿ ಯಾವ ಕಡೆಗೆ, ನರ್ಸಿಂಗ್ ಹೋಮಿನವರನ್ನು ಖಾಲಿ ಮಾಡಿಸೋಕೆ ಎಷ್ಟು ಹೊತ್ತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗಾಡಿಯಲ್ಲಿ ಇಡಬೇಕು. ಅಮೆರಿಕದ ಅಗ್ನಿಶಾಮಕ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಒಂದು ಕೈಪಿಡಿ ಇರುತ್ತದೆ. ಅದರ 140ನೇ ಮಾರ್ಗಸೂಚಿ ಇಂಥ ವಸ್ತುಗಳಿಗೇ ಮೀಸಲು. ಅಮೋನಿಯಂ ನೈಟ್ರೇಟ್ ತುಂಬಿದ ರೈಲು ವ್ಯಾಗನ್ನೋ ಟ್ಯಾಂಕರ್ರೋ ಬೆಂಕಿಗೆ ಸಿಕ್ಕಿದರೆ ಸುತ್ತ 800 ಮೀಟರ್ ಖಾಲಿ ಮಾಡಿ ಅಂತ ಆಗಿನ ಆವೃತ್ತಿಯಲ್ಲಿತ್ತು. ಅದನ್ನು ಬೆಂಕಿಯ ಎದುರು ನಿಂತು ಮೊದಲ ಸಲ ತೆರೆದರೆ ಏನು ಬಂತು? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಮ್ಮವರು ಹೇಳುವುದು ಇದಕ್ಕೇ.

ಆದರೆ ತಪ್ಪೆಲ್ಲ ಒಂದು ಸಣ್ಣ ದಳದ ತಲೆಗೆ ಕಟ್ಟುವುದು ಅನ್ಯಾಯ. ಟೆಕ್ಸಾಸ್‌ನಲ್ಲಿ ಸಂಬಳದ ಅಗ್ನಿಶಾಮಕರಿಗೆ ಇಷ್ಟು ತರಬೇತಿ ಆಗಿರಲೇಬೇಕು ಅಂತ ರಾಜ್ಯದ ನಿಯಮ ಇದೆ, ಸ್ವಯಂಸೇವಕರಿಗೆ ಹಾಗೆ ಕಡ್ಡಾಯ ಇರಲಿಲ್ಲ. ವೆಸ್ಟ್ ಇರುವಂಥ ಸಣ್ಣ ಕೌಂಟಿಗಳಿಗೆ (ನಮ್ಮ ಜಿಲ್ಲೆಯ ಹಾಗೆ) ಅಗ್ನಿಸುರಕ್ಷತೆಯ ಸಂಹಿತೆ ಜಾರಿ ಮಾಡುವ ಅಧಿಕಾರವೂ ಇರಲಿಲ್ಲ. ಗೋದಾಮನ್ನು ಮರದಲ್ಲಿ ಕಟ್ಟಬೇಡಿ ಅನ್ನೋಕೆ ಯಾರಿಗೂ ಹಕ್ಕಿರಲಿಲ್ಲ, ಬೆಂಕಿ ಬಿದ್ದಾಗ ಓಡಿಬರುವ ಕರ್ತವ್ಯ ಮಾತ್ರ ಊರ ಹುಡುಗರದ್ದು.

ಆ ಚೀಫ್ ಜಾಗದಲ್ಲಿ ನಾವಿದ್ದಿದ್ದರೆ

ಗೆಳೆಯರ ಜತೆ ಈ ಪ್ರಕರಣ ಮಾತಾಡುವಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ: 20 ನಿಮಿಷದಲ್ಲಿ ಯಾವ ನಾಯಕ ಏನು ಕಿಸಿಯೋಕಾಗ್ತಿತ್ತು? ನ್ಯಾಯವಾದ ಪ್ರಶ್ನೆ. ನರ್ಸಿಂಗ್ ಹೋಮಿನ ಅಷ್ಟೂ ವೃದ್ಧರನ್ನು ಅಷ್ಟರಲ್ಲಿ ಸಾಗಿಸೋಕೆ ಆಗುತ್ತಿರಲಿಲ್ಲ. ಮನೆಗಳು ಹೇಗಿದ್ದರೂ ಒಡೆಯುತ್ತಿದ್ದವು. ಬೆಂಕಿಗೆ ಓಡಿಬಂದವರಲ್ಲದ ಊರಿನ ಮೂವರು ಹೇಗೂ ಸಾಯುತ್ತಿದ್ದರೋ ಏನೋ. ಆದರೆ ಗೋದಾಮಿನ ಬುಡದಲ್ಲಿ ನಿಂತಿದ್ದವರ ಮಾತು ಬೇರೆ.

ಅಮೆರಿಕದ ಅಗ್ನಿಶಾಮಕರಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ ಇದೆ. ಉಳಿಸಬಹುದಾದ ಜೀವ ಇದ್ದರೆ ನಮ್ಮ ಜೀವವನ್ನು ಸಾಕಷ್ಟು ಪಣಕ್ಕಿಡೋಣ. ಉಳಿಸಬಹುದಾದ ಆಸ್ತಿ ಇದ್ದರೆ ಸ್ವಲ್ಪ. ಆಗಲೇ ಹೋಗಿಬಿಟ್ಟಿರುವುದಕ್ಕೆ ಏನೂ ಇಲ್ಲ. ವೆಸ್ಟ್‌ಗೆ ಇದನ್ನು ಹಾಕಿ ನೋಡಿ. ಗೋದಾಮಿನ ಒಳಗೆ ಜೀವ ಇಲ್ಲ. ಮರದ ಕಟ್ಟಡ ಹತ್ತಿಕೊಂಡು ಧಗಧಗ ಉರಿಯುತ್ತಿದೆ, ಟ್ಯಾಂಕಿನ ನೀರಿಗೆ ಅದು ಜಗ್ಗುವುದಿಲ್ಲ, ಅಂದರೆ ಆಸ್ತಿಯೂ ಹೋದಂತೆಯೇ. ಜೀವಗಳು ಇದ್ದದ್ದು ಅಪಾರ್ಟ್‌ಮೆಂಟಿನಲ್ಲಿ, ನರ್ಸಿಂಗ್ ಹೋಮಿನಲ್ಲಿ, ಬೇಲಿಯ ಹತ್ತಿರ ನೋಡೋಕೆ ನಿಂತವರಲ್ಲಿ. ನೀರಿನ ಗಾಡಿ ಬಿಟ್ಟು ಎಲ್ಲರೂ ಆ ಕಡೆಗೆ ತಿರುಗಬೇಕಿತ್ತು. ಬಣವೆ ಹೋಯ್ತು, ದನ ಬಿಚ್ಚಿ.

ಇದು ಈಗ ಕೂತು ಹೇಳುವ ಬುದ್ಧಿವಂತಿಕೆ ಅಂತ ನಿಮಗೆ ಅನಿಸಬಹುದು. ಸ್ವಲ್ಪ ಹೌದು. ಅದಕ್ಕೇ ಇನ್ನೆರಡು ಬೆಂಕಿಗಳ ಮಾತು ಸೇರಿಸ್ತೀನಿ. 2009ರ ಜುಲೈ 30ರಂದು ಟೆಕ್ಸಾಸ್‌ನದೇ ಬ್ರೈಯನ್ ಊರಿನಲ್ಲಿ ಅಮೋನಿಯಂ ನೈಟ್ರೇಟ್ ಇದ್ದ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಏನಿದೆ ಅಂತ ಗೊತ್ತಾದ ಕೂಡಲೇ ದಳದವರು ಹಿಂದೆ ಸರಿದರು, ಉರಿದು ಹೋಗಲಿ ಅಂತ ಬಿಟ್ಟರು, ಸಾವಿರಾರು ಜನರನ್ನು ಮನೆ ಬಿಡಿಸಿದರು. ಸಿಡಿಯಲಿಲ್ಲ. ವೆಸ್ಟ್ ಆಗಿ 13 ತಿಂಗಳ ಮೇಲೆ, 2014ರ ಮೇ 29ರಂದು, ಆಥೆನ್ಸ್ ಎಂಬ ಇನ್ನೊಂದು ಟೆಕ್ಸಾಸ್ ಊರಿನ ನಡುಮಧ್ಯದಲ್ಲೇ ಇಂಥದೇ ಗೊಬ್ಬರದ ಅಂಗಡಿ ಹತ್ತಿಕೊಂಡಿತು. ಒಳಗೆ ಸುಮಾರು 70 ಟನ್, ವೆಸ್ಟ್‌ಗಿಂತ ಜಾಸ್ತಿ. ಅಲ್ಲೂ ದೂರ ನಿಂತರು, ಸುತ್ತಲ ಬೀದಿಗಳನ್ನು ಖಾಲಿ ಮಾಡಿಸಿದರು, ಕಟ್ಟಡ ಸುಟ್ಟು ಬೂದಿಯಾಗೋಕೆ ಬಿಟ್ಟರು. ಒಬ್ಬರಿಗೂ ಗಾಯ ಆಗಲಿಲ್ಲ. ಅದೂ ಸಿಡಿಯಲಿಲ್ಲ. ಇವೆರಡೂ ಹೆಚ್ಚುಕಮ್ಮಿ ದೊಡ್ಡ ಊರುಗಳು, ಸಂಬಳದ ದಳಗಳು, ಅದೂ ನಿಜ.

ಈ ಎರಡು ಬೆಂಕಿಗಳಲ್ಲೇ ನಾಯಕನ ನಿಜವಾದ ಕಷ್ಟ ಕೂತಿದೆ ಅಂತ ನನ್ನ ಲೆಕ್ಕ. ಹತ್ತಿಕೊಂಡ ಅಮೋನಿಯಂ ನೈಟ್ರೇಟ್ ಎಲ್ಲಾ ಸಲವೂ ಸಿಡಿಯುವುದಿಲ್ಲ. ಆದ್ದರಿಂದ ಹಿಂದೆ ಸರಿಯಿರಿ ಅಂದ ಚೀಫ್, ಎಷ್ಟೋ ಸಲ ಸುಮ್ನೆ ಹೆದರಿದವನ ಹಾಗೆ ಕಾಣುತ್ತಾನೆ. ಏನೂ ಆಗಲಿಲ್ಲವಲ್ಲ, ನಾಲ್ಕು ಜನ ನೀರು ಹಾಕಿದ್ದರೆ ಕಟ್ಟಡ ಉಳಿಯುತ್ತಿತ್ತಲ್ಲ ಅಂತ ಮರುದಿನ ಬೇಕರಿಯಲ್ಲಿ ಮಾತಾಗುತ್ತದೆ. ಸಂಬಳದ ಅಧಿಕಾರಿ ಅದನ್ನು ನುಂಗಿಕೊಂಡು ಮನೆಗೆ ಹೋಗಬಹುದು. ಸ್ವಯಂಸೇವಕ ಚೀಫ್ ಅದೇ ಬೇಕರಿಯಲ್ಲಿ ಕಾಫಿ ಕುಡಿಯಬೇಕು, ಮುಂದಿನ ವರ್ಷ ಅವರದ್ದೇ ಓಟು ಕೇಳಬೇಕು.

ಹಾಗಾದರೆ ಅಂಥ ಮಾತಿಗೆ ಜನ ಒಂದೇ ಸಲಕ್ಕೆ ಹೋಸ್ ಕೆಳಗಿಟ್ಟು ತಿರುಗಿ ಬರುವ ಹಾಗೆ ಮಾಡುವುದು ಹೇಗೆ? ದೊಡ್ಡ ಬೆಂಕಿಯಲ್ಲಿ ಮೊದಲ ಸಲ ಹೇಳಿದರೆ ಯಾರೂ ಕೇಳುವುದಿಲ್ಲ. ಸಣ್ಣ ಸಣ್ಣ ಬೆಂಕಿಗಳಲ್ಲಿ ಅಭ್ಯಾಸ ಆಗಿರಬೇಕು. ಹೆಲ್ಮೆಟ್ ಇಲ್ಲದೆ ಓಡಿಬಂದ ಹುಮ್ಮಸ್ಸಿನ ಹುಡುಗನನ್ನು, ಅವನು ನಿಮ್ಮ ಅಕ್ಕನ ಮಗನೇ ಆಗಿದ್ದರೂ, ಗಾಡಿ ಪಕ್ಕ ನಿಲ್ಲಿಸಬೇಕು. ರಸ್ತೆ ಬದಿಯ ಹುಲ್ಲು ಬೆಂಕಿಯಲ್ಲೂ ಹೆಸರಿನ ಚೀಟಿ ಕೇಳಬೇಕು. ಹಳೆ ಕೊಟ್ಟಿಗೆ ಒಂದು ಉರಿಯುತ್ತಿದ್ದರೆ, ಒಳಗೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ, ಎಲ್ಲರನ್ನೂ ಹೊರಗೆ ಕರೆದು ಯಾಕೆ ಕರೆದೆ ಅಂತ ಆ ವಾರದ ಸಭೆಯಲ್ಲಿ ಕೂತು ವಿವರಿಸಬೇಕು. ಯಾರಾದರೂ ತಿರುಗಿ ವಾದ ಮಾಡಿದರೆ ಮಾಡಲಿ, ಅದು ಮಾಡಬೇಕಾದ ಜಾಗವೂ ಅದೇ. ಹೀಗೆ ಇಪ್ಪತ್ತು ಸಲ ಆದಮೇಲೆ ಇಪ್ಪತ್ತೊಂದನೆಯದು ಗೊಬ್ಬರದ ಗೋದಾಮು ಆದರೆ, ರೇಡಿಯೋದಲ್ಲಿ ಆ ದನಿ ಕೇಳಿದ ಕೂಡಲೇ ಕೈ ತಾನಾಗಿ ಹೋಸ್ ಬಿಡುತ್ತದೆ.

2015ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತು. ಅಮೋನಿಯಂ ನೈಟ್ರೇಟ್ ರಾಶಿಯ 30 ಅಡಿ ಒಳಗೆ ಹತ್ತಿ ಉರಿಯುವ ವಸ್ತು ಇಡುವಂತಿಲ್ಲ. ಅಗ್ನಿಸುರಕ್ಷತೆಯ ಅಧಿಕಾರಿಗಳು ಒಳಗೆ ಹೋಗಿ ತಪಾಸಣೆ ಮಾಡಬಹುದು. ಏನೇನು ಇಟ್ಟಿದ್ದಾರೆ ಎನ್ನುವ ಲೆಕ್ಕ ಊರಿನ ಅಗ್ನಿಶಾಮಕ ದಳಕ್ಕೂ ಸಿಗಬೇಕು. ನಾವು ಈಗಲೂ ಆಸ್ಟಿನ್‌ಗೆ ಹೋಗುವಾಗ ವೆಸ್ಟ್‌ನಲ್ಲಿ ಕಾರು ನಿಲ್ಲಿಸ್ತೀವಿ. ಮಕ್ಕಳಿಗೆ ಏಪ್ರಿಕಾಟ್ ಕೊಲಾಚಿ, ನನಗೆ ಕಾಫಿ.

ನಮ್ಮೂರ ಆ ರಾತ್ರಿಯದ್ದು ಹೇಳಿ ಮುಗಿಸಲಿಲ್ಲ ಅಲ್ವಾ. ಕೊಟ್ಟಿಗೆ ಉಳಿಯಿತು, ದನಗಳೂ ಉಳಿದವು. ಆಮೇಲೆ ಗಾಳಿ ತಾನೇ ಬಿದ್ದುಹೋಯಿತು. ಬಣವೆ ಪೂರ್ತಿ ಸುಟ್ಟುಹೋದ ಮನೆಯವರು ಮಳೆಗಾಲ ಮುಗಿಯುವವರೆಗೂ ಅಜ್ಜನ ಹತ್ತಿರ ಮಾತಾಡಲಿಲ್ಲ. ಇನ್ನು ಹತ್ತು ಕೊಡ ನೀರು ಬಿದ್ದಿದ್ದರೆ ಅರ್ಧ ಬಣವೆಯಾದರೂ ಉಳಿಯುತ್ತಿತ್ತು ಅಂತ ಅವರಿಗೆ. ಅಜ್ಜ ಆ ವರ್ಷ ತಮ್ಮ ಬಣವೆಯಿಂದ ಎರಡು ಗಾಡಿ ಹುಲ್ಲು ಅವರ ಕೊಟ್ಟಿಗೆಗೆ ಹಾಕಿಸಿದರು. ಅದನ್ನು ಅವರು ಬೇಡ ಅನ್ನಲಿಲ್ಲ, ಮಾತು ಮಾತ್ರ ಆಡಲಿಲ್ಲ.